ಗಾಡಿಮನೆಗೆ ಕರೆಂಟು ಎಲ್ಲಿಂದ?

ಬ್ಯಾಟರಿ, ವಯರಿಂಗ್, ಸೋಲಾರ್ ಬಗ್ಗೆ ಓದುಗರು ಕೇಳಿದ್ದಕ್ಕೆ ಈ ಅಂಕಣದಲ್ಲಿ ಉತ್ತರ ಬರೆಯುತ್ತೇನೆ. ಮೂವತ್ತು ವರ್ಷ ಮಲ್ಪೆ ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡಿದವನು ನಾನು. ಸಂಜೆ ಹೊತ್ತು ಹುಡುಗರಿಗೆ ಕೆಲಸ ಕಲಿಸುತ್ತಿದ್ದೆ, ಹಾಗಾಗಿ ಊರಿನವರೆಲ್ಲ ಮಾಷ್ಟ್ರು ಅನ್ನುತ್ತಾರೆ. ಈ ಸಲ ಮೂರು ಪತ್ರ.

ಮಾಷ್ಟ್ರೆ, ನಮಸ್ಕಾರ. ಬ್ಯಾಂಕಿನಿಂದ ರಿಟೈರ್ ಆಗಿ ಎರಡು ವರ್ಷ ಆಯಿತು. ಹೆಂಡತಿಯ ಜೊತೆ ಊರೂರು ಸುತ್ತುವ ಆಸೆಯಿಂದ, ಬೊಲೆರೊ ಹಿಂದೆ ಕಟ್ಟಿ ಎಳೆಯುವಂಥ 14 ಅಡಿಯ ಟ್ರೇಲರ್ ಮನೆ ಮಾಡಿಸಿದ್ದೇನೆ. ಮಂಚ, ಅಡುಗೆ ಕಟ್ಟೆ, ಸಣ್ಣ ಬಾತ್‌ರೂಮು ಎಲ್ಲ ಆಗಿದೆ. ಕರೆಂಟು ಮಾತ್ರ ಬಾಕಿ. ಒಂದು ಅಂಗಡಿಯವರು ಮನೆ ಇನ್ವರ್ಟರ್‌ಗೆ ಹಾಕುವ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಎರಡು ಇಡಿ, ಸಾಕು ಅಂದರು. ಇನ್ನೊಬ್ಬರು ಲಿಥಿಯಂ ಬಿಟ್ಟು ಬೇರೆ ಆಗುವುದೇ ಇಲ್ಲ ಅಂದರು. ಮಗ ಎಸಿ ಹಾಕಿಸಿ ಅನ್ನುತ್ತಾನೆ. ಮರವಂತೆ, ಮುರುಡೇಶ್ವರ, ಗೋಕರ್ಣ ಅಂತ ಹೊರಟರೆ ಎರಡು ರಾತ್ರಿ ಎಲ್ಲಿಯೂ ಪ್ಲಗ್ ಸಿಗದಿದ್ದರೂ ನಡೆಯಬೇಕು. ಫ್ರಿಜ್, ಫ್ಯಾನ್, ಲೈಟು, ಮಿಕ್ಸಿ ಬೇಕೇ ಬೇಕು. ಯಾವ ಬ್ಯಾಟರಿ, ಎಷ್ಟು? ಬೊಲೆರೊ ಓಡುವಾಗ ಚಾರ್ಜ್ ಆಗುತ್ತದಾ? ಮಳೆಗಾಲದಲ್ಲಿ ಸೋಲಾರ್ ಉಪಯೋಗಕ್ಕೆ ಬರುತ್ತದಾ? — ಓದುಗರು, ಬ್ರಹ್ಮಾವರ

ಅಂಗಡಿಯವರು ಇಬ್ಬರೂ ಬ್ಯಾಟರಿಯಿಂದ ಮಾತು ಶುರು ಮಾಡಿದ್ದಾರೆ. ನಾವು ಖರ್ಚಿನಿಂದ ಶುರು ಮಾಡೋಣ. ಟ್ಯಾಂಕಿ ಎಷ್ಟು ದೊಡ್ಡದು ಬೇಕು ಅಂತ ಹೇಳಬೇಕಾದರೆ ದಿನಕ್ಕೆ ಎಷ್ಟು ಕೊಡ ನೀರು ಬೇಕು ಅಂತ ಗೊತ್ತಿರಬೇಕು, ಅಲ್ವಾ? ಒಂದು ಕಾಗದ, ಪೆನ್ನು ತಗೊಳ್ಳಿ. ನಿಮ್ಮ ಜೊತೆಗೆ ಮನೆಯವರನ್ನೂ ಕೂರಿಸಿಕೊಳ್ಳಿ. ಯಾವುದು ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಅವರಿಗೇ ಸರಿಯಾಗಿ ಗೊತ್ತು.

ಫ್ರಿಜ್ 12 ವೋಲ್ಟಿನಲ್ಲೇ ಓಡುವ ಕಂಪ್ರೆಸರ್ ಫ್ರಿಜ್ ಆಗಲಿ. ನಮ್ಮ ಕರಾವಳಿಯ ಸೆಕೆಗೆ 40-50 ಲೀಟರಿನದ್ದು ದಿನಕ್ಕೆ 500 ವ್ಯಾಟ್-ಅವರ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. (ಎಷ್ಟು ವ್ಯಾಟ್, ಎಷ್ಟು ಗಂಟೆ ಅಂತ ಗುಣಿಸಿದರೆ ವ್ಯಾಟ್-ಅವರ್.) 20 ವ್ಯಾಟಿನ 12 ವೋಲ್ಟ್ ಫ್ಯಾನ್ ಎರಡು, ರಾತ್ರಿ 9 ಗಂಟೆ: 360. ಎಲ್‌ಇಡಿ ಲೈಟು ನಾಲ್ಕು, ಸುಮಾರು 100. ಮೊಬೈಲು, ಲ್ಯಾಪ್‌ಟಾಪು, ನೀರಿನ ಪಂಪು ಸೇರಿ 120. ಮಿಕ್ಸಿ 500 ವ್ಯಾಟಿನದ್ದಾದರೂ ಚಟ್ನಿಗೆ ಐದಾರು ನಿಮಿಷ, ಹಾಗಾಗಿ 60 ಸಾಕು. ಒಟ್ಟು 1,140. ನಿಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ದಿನಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಎರಡು ದಿನಕ್ಕೆ 2,280.

ಇದರಲ್ಲಿ ಒಂದು ಕಳ್ಳ ಖರ್ಚು ಬರೆದಿಲ್ಲ. ಇನ್ವರ್ಟರ್ ಆನ್ ಇಟ್ಟು ಏನೂ ಓಡಿಸದೆ ಬಿಟ್ಟರೂ ಅದು ತನ್ನಷ್ಟಕ್ಕೆ 10-15 ವ್ಯಾಟ್ ಎಳೆಯುತ್ತಲೇ ಇರುತ್ತದೆ. 24 ಗಂಟೆಗೆ ಸುಮಾರು 300 ವ್ಯಾಟ್-ಅವರ್ ಆಯಿತು. ಎರಡು ಫ್ಯಾನು ಹೆಚ್ಚುಕಡಿಮೆ ಇಡೀ ರಾತ್ರಿ ಓಡಿಸುವಷ್ಟು ಕರೆಂಟು ಅದು! ಅದಕ್ಕೇ ಫ್ಯಾನ್, ಲೈಟು, ಫ್ರಿಜ್ ಎಲ್ಲ ನೇರ 12 ವೋಲ್ಟಿಗೆ ಕೊಡಿ. ಇನ್ವರ್ಟರ್ ಮಿಕ್ಸಿಗೆ ಮಾತ್ರ. ಚಟ್ನಿ ಆದ ಮೇಲೆ ಆಫ್.

ಈಗ ಬ್ಯಾಟರಿ. ಟ್ಯೂಬ್ಯುಲರ್ ಕೆಟ್ಟದ್ದಲ್ಲ. ಮನೆಯ ಮೂಲೆಯಲ್ಲಿ ಅಲ್ಲಾಡದೆ ಕೂತರೆ ಎಷ್ಟೋ ವರ್ಷ ಸೇವೆ ಮಾಡುತ್ತದೆ. ಆದರೆ ಬಾಳಿಕೆ ಬರಬೇಕಾದರೆ ಅದರ ಅರ್ಧ ಮಾತ್ರ ಬಳಸಬೇಕು. 150 ಎಎಚ್ (ಆಂಪಿಯರ್-ಅವರ್) ಅನ್ನು 12 ವೋಲ್ಟಿನಿಂದ ಗುಣಿಸಿದರೆ 1,800 ವ್ಯಾಟ್-ಅವರ್, ಕೈಗೆ ಸಿಗುವುದು 900. ನಿಮ್ಮ ಲೆಕ್ಕಕ್ಕೆ ಎರಡು ಸಾಲುವುದಿಲ್ಲ, ಮೂರು ಬೇಕು. ಒಂದೊಂದು 50 ಕೆಜಿ ದಾಟುತ್ತದೆ. ಮತ್ತೆ ಅದರಲ್ಲಿ ಇರುವುದು ಆಸಿಡ್ ನೀರು. ಹೆದ್ದಾರಿಯ ಹೊಂಡಕ್ಕೆ ಟ್ರೇಲರ್ ಕುಣಿದಾಗ ಹೊರಗೆ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಮಂಚದ ಕೆಳಗೆ ಬ್ಯಾಟರಿ, ಮೂರಡಿ ದೂರದಲ್ಲಿ ಗ್ಯಾಸ್ ಒಲೆ. ನೀವು ಇಬ್ಬರು ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ.

ನಿಮಗೆ ಲಿಥಿಯಂ ಸರಿ. ಆದರೆ ಬರೀ ‘ಲಿಥಿಯಂ’ ಅಂತ ಕೇಳಬೇಡಿ. ‘ಲಿಥಿಯಂ ಐರನ್ ಫಾಸ್ಫೇಟ್’ ಅಂತ ಕೇಳಿ. ಎಲ್‌ಎಫ್‌ಪಿ ಅಂದರೂ ಅದೇ. ಮೊಬೈಲಿನಲ್ಲಿರುವ ಜಾತಿಗಿಂತ ಇದು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಈ ವಸ್ತುವಿನಿಂದ ಬ್ಯಾಟರಿ ಆಗುತ್ತದೆ ಅಂತ ತೋರಿಸಿದ 1997ರ ಪ್ರಬಂಧ ಬಂದದ್ದು ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಿಂದ. ಬರೆದವರು ಮೂವರು: ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಂಜುಂಡಸ್ವಾಮಿ ಅನ್ನುವ ಹೆಸರನ್ನು ಆ ಸಾಲಿನಲ್ಲಿ ನೋಡಿದಾಗಲೆಲ್ಲ ನನಗೆ ತುಂಬ ಖುಷಿಯಾಗುತ್ತದೆ.

12.8 ವೋಲ್ಟ್, 200 ಎಎಚ್. ಅಂದರೆ 2,560 ವ್ಯಾಟ್-ಅವರ್. ಇದರಲ್ಲಿ ನೂರಕ್ಕೆ 90ರಷ್ಟು ಧಾರಾಳವಾಗಿ ಬಳಸಬಹುದು. 2,304 ಆಯಿತು. ನಿಮಗೆ ಬೇಕಾದ್ದು 2,280. ಒಂದು ಹನಿ ಬಿಸಿಲು ಇಲ್ಲದೆಯೂ ಎರಡು ರಾತ್ರಿ ಕಳೆಯುತ್ತದೆ. ತೂಕ 25 ಕೆಜಿಯ ಒಳಗೆ ಹೊರಗೆ. ಅದನ್ನು ಗಾಲಿಯ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಇಡಿ. ಹಿಂದುಗಡೆ ಭಾರ ಜಾಸ್ತಿಯಾದರೆ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ, ಬೊಲೆರೊವನ್ನೂ ಎಳೆದಾಡುತ್ತದೆ. ಕೊಳ್ಳುವಾಗ ಬಿಎಂಎಸ್ (ಬ್ಯಾಟರಿಯ ಒಳಗೇ ಕೂತು ಅದನ್ನು ಕಾಯುವ ಸರ್ಕ್ಯೂಟು) ಎಷ್ಟು ಆಂಪಿಯರ್ ಸತತವಾಗಿ ಕೊಡುತ್ತದೆ ಅಂತ ಕೇಳಿ. 1,000 ವ್ಯಾಟಿನ ಇನ್ವರ್ಟರ್ ಪೂರ್ತಿ ಓಡಿದರೆ 95 ಆಂಪಿಯರ್ ಹತ್ತಿರ ಎಳೆಯುತ್ತದೆ. ಬಿಎಂಎಸ್ 100ಕ್ಕಿಂತ ಕಡಿಮೆ ಇದ್ದರೆ ಬೇಡ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಲಿ, ಅಂದರೆ ಮನೆಯ ಕರೆಂಟಿನ ಹಾಗೆಯೇ ನಯವಾದ ಅಲೆ ಕೊಡುವಂಥದ್ದು. ಚಾರ್ಜರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇರಬೇಕು, 14.2ರಿಂದ 14.4 ವೋಲ್ಟ್. ಮನೆಯ ಹಳೇ ಇನ್ವರ್ಟರಿನ ಚಾರ್ಜರ್ ತಂದು ಜೋಡಿಸಬೇಡಿ.

ಬೊಲೆರೊದಿಂದ ಚಾರ್ಜ್ ಆಗುತ್ತದೆ. ಆದರೆ ಟ್ರೇಲರಿನ ಲೈಟಿಗೆ ಹೋಗುವ ಪ್ಲಗ್ಗಿನಿಂದ ಆಗುವುದಿಲ್ಲ. ತುಂಬ ಜನ ಅಲ್ಲಿಂದಲೇ ಒಂದು ವಯರು ಎಳೆದುಬಿಡುತ್ತಾರೆ. ಆ ವಯರು 1.5 ಸ್ಕ್ವೇರ್ ಎಂಎಂ ಅಂತ ಇಟ್ಟುಕೊಳ್ಳಿ. ಬೊಲೆರೊ ಬಾನೆಟ್ಟಿನಿಂದ ಟ್ರೇಲರಿನ ಒಳಗೆ 8 ಮೀಟರ್, ಹೋಗಿ ಬರಲು 16 ಮೀಟರ್. ಅದರಲ್ಲಿ ಬರೀ 10 ಆಂಪಿಯರ್ ಹರಿದರೂ ದಾರಿಯಲ್ಲೇ ಸುಮಾರು 2 ವೋಲ್ಟ್ ಮುಗಿದುಹೋಗುತ್ತದೆ. 14 ಅಂತ ಹೊರಟದ್ದು 12 ಆಗಿ ತಲುಪುತ್ತದೆ. 12 ವೋಲ್ಟಿನಿಂದ 12 ವೋಲ್ಟಿನ ಬ್ಯಾಟರಿ ತುಂಬುವುದು ಹೇಗೆ? ಬೋಟಿನಲ್ಲಿ ನಾನು ಈ ಒಂದು ತಪ್ಪನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ‘ಬ್ಯಾಟರಿ ಹೋಗಿದೆ, ಹೊಸತು ಹಾಕಿ’ ಅನ್ನುತ್ತಾರೆ. ಬ್ಯಾಟರಿ ಸರಿಯಾಗಿಯೇ ಇರುತ್ತದೆ, ವಯರು ಸಪೂರ.

ಹಾಗಾಗಿ ಬೊಲೆರೊ ಬ್ಯಾಟರಿಯಿಂದ ಹಿಂದಿನ ಬಂಪರಿನವರೆಗೆ 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಜೋಡಿ ಎಳೆಸಿ. ಅಲ್ಲಿ 50 ಆಂಪಿಯರಿನ ಆಂಡರ್ಸನ್ ಪ್ಲಗ್ (ಜಾಸ್ತಿ ಕರೆಂಟು ತಾಳುವ, ಬೇಕಾದಾಗ ಕಳಚುವ ಪ್ಲಗ್). ಟ್ರೇಲರಿನ ಒಳಗೆ, ಬ್ಯಾಟರಿಯ ಪಕ್ಕದಲ್ಲೇ, 30 ಆಂಪಿಯರಿನ ಡಿಸಿ-ಟು-ಡಿಸಿ ಚಾರ್ಜರ್. ಇದು ಎರಡು ಕೆಲಸ ಮಾಡುತ್ತದೆ. ದಾರಿಯಲ್ಲಿ ಇಳಿದ ವೋಲ್ಟನ್ನು ಮತ್ತೆ ಏರಿಸಿ ಕೊಡುತ್ತದೆ. ಮತ್ತೆ, ಎಷ್ಟು ಬೇಕೋ ಅಷ್ಟೇ ಎಳೆಯುತ್ತದೆ. ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಜೋಡಿಸಿದರೆ ಅದು ಹಸಿದವನ ಹಾಗೆ ಸಿಕ್ಕಿದಷ್ಟೂ ಎಳೆದು ಆಲ್ಟರ್ನೇಟರನ್ನು (ಬೊಲೆರೊ ಓಡುವಾಗ ಕರೆಂಟು ಮಾಡುವ ಯಂತ್ರ) ಸುಟ್ಟೇಬಿಡಬಹುದು. ಈ ಚಾರ್ಜರ್ ಇದ್ದರೆ ಗಂಟೆಗೆ 400 ವ್ಯಾಟ್-ಅವರ್ ಸಿಗುತ್ತದೆ. ಉಡುಪಿಯಿಂದ ಮಂಗಳೂರಿಗೆ ಒಂದೂವರೆ ಗಂಟೆ ಓಡಿಸಿದರೆ 600. ನಿಮ್ಮ ಅರ್ಧ ದಿನದ ಖರ್ಚು ಬಂತು.

ಸೋಲಾರ್ 200 ವ್ಯಾಟಿನ ಪ್ಯಾನೆಲ್ ಎರಡು ಇರಲಿ. ಜನವರಿಯಿಂದ ಏಪ್ರಿಲ್‌ವರೆಗೆ, ಮಾಡಿನ ಮೇಲೆ ಚಪ್ಪಟೆಯಾಗಿ ಮಲಗಿಸಿದರೂ, ದಿನಕ್ಕೆ 1,200 ಬರುತ್ತದೆ. ಅಂದರೆ ಬೇಸಿಗೆಯಲ್ಲಿ ನೀವು ಪ್ಲಗ್ಗನ್ನೇ ಮರೆಯಬಹುದು. ಜೂನ್-ಜುಲೈಯ ನಮ್ಮ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುವ ಊರು ಇದು. ಕಪ್ಪು ಮೋಡ ಕವಿದ ದಿನ ಅದೇ ಪ್ಯಾನೆಲ್ಲಿನಿಂದ 300 ಬಂದರೆ ದೊಡ್ಡದು. ಆಗ ಬೊಲೆರೊ ಓಡಿಸುವುದೇ ದಾರಿ. ಪ್ಯಾನೆಲ್ಲಿನ ಅಡಿಯಲ್ಲಿ ಎರಡು ಬೆರಳಾದರೂ ಗಾಳಿಯಾಡುವ ಜಾಗ ಬಿಡಿ. ಬಿಸಿಯಾದಷ್ಟೂ ಪ್ಯಾನೆಲ್ ಕಡಿಮೆ ಕೊಡುತ್ತದೆ. 60 ಡಿಗ್ರಿ ಆದರೆ ನೂರಕ್ಕೆ 12-14 ಹೋದಂತೆ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಕಂಟ್ರೋಲರ್ ಎಂಪಿಪಿಟಿ (ಪ್ಯಾನೆಲ್ಲಿನಿಂದ ಆದಷ್ಟು ಹೆಚ್ಚು ಕರೆಂಟು ತೆಗೆಯುವ ಜಾತಿ) ಆಗಿರಲಿ. ಎರಡು ಪ್ಯಾನೆಲ್ಲನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿ, ಒಂದಕ್ಕೆ ನೆರಳು ಬಿದ್ದರೂ ಇನ್ನೊಂದು ದುಡಿಯುತ್ತದೆ. ಒಂದೇ ಒಂದು ಮಡಲಿನ ನೆರಳು ಸಾಕು ಪ್ಯಾನೆಲ್ಲನ್ನು ಕೆಡಿಸಲು. ತೆಂಗಿನ ಮರದ ಅಡಿಯಲ್ಲಿ ಹೇಗೂ ನಿಲ್ಲಿಸಬೇಡಿ, ಕಾಯಿ ಬಿದ್ದರೆ ಗಾಜು ಉಳಿಯುವುದಿಲ್ಲ.

ಎಸಿ ಬೇಡ ಅಂತ ಮಗನಿಗೆ ಹೇಳಿ. ಸಣ್ಣ ಎಸಿ ಕೂಡ ಒಂದು ರಾತ್ರಿಗೆ 4,000 ವ್ಯಾಟ್-ಅವರ್ ಹತ್ತಿರ ಕೇಳುತ್ತದೆ. ಇಂಥ ಬ್ಯಾಟರಿ ಎರಡು ಇಟ್ಟರೆ ಒಂದು ರಾತ್ರಿ ಕಳೆಯುತ್ತದೆ, ಮರುದಿನ ತುಂಬಲು ಮಾಡಿನ ಮೇಲೆ ಜಾಗ ಸಾಲುವುದಿಲ್ಲ. ಇಂಡಕ್ಷನ್ ಒಲೆಯೂ ಬೇಡ. ಗಂಜಿಗೆ ಗ್ಯಾಸೇ ಸರಿ, ಕಿಟಕಿ ತೆರೆದಿಟ್ಟುಕೊಂಡು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಫ್ಯೂಸ್.

1998ರ ಮಾತು. ಮಲ್ಪೆಯಲ್ಲಿ ಒಂದು ಬೋಟಿನ ಇಂಜಿನ್ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಕೂತು ಬ್ಯಾಟರಿಯ ಕ್ಲಾಂಪ್ ಬಿಗಿ ಮಾಡುತ್ತಿದ್ದೆ. ಕೈಯಲ್ಲಿ 13 ನಂಬರಿನ ಸ್ಪ್ಯಾನರ್, ಬೆರಳಲ್ಲಿ ಮದುವೆ ಉಂಗುರ. ಸ್ಪ್ಯಾನರ್ ಪಾಸಿಟಿವ್ ಮೇಲೆ ಇರುವಾಗಲೇ ಕೈ ಜಾರಿ ಉಂಗುರ ಇಂಜಿನ್ನಿನ ಕಬ್ಬಿಣಕ್ಕೆ ತಾಗಿತು. ಒಂದು ಕ್ಷಣವೂ ಇಲ್ಲ. ಉಂಗುರ ಕೆಂಪಾಯಿತು. ನಾನು ಕೈ ಎಳೆದುಕೊಳ್ಳುವಷ್ಟರಲ್ಲಿ ಚರ್ಮ ಸುಟ್ಟ ವಾಸನೆ ಬಂತು. ಎಡಗೈ ಬೆರಳಿನ ಸುತ್ತ ಬಿಳಿ ಬಳೆಯ ಹಾಗೆ ಗುರುತು ಈಗಲೂ ಉಂಟು. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಅನ್ನುವುದು ನಿಜ. ಆದರೆ ಅದು ಕಬ್ಬಿಣವನ್ನು ಕರಗಿಸುತ್ತದೆ. ಲಿಥಿಯಂ ಇನ್ನೂ ಜೋರು. ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಒಮ್ಮೆಗೇ ನುಗ್ಗುತ್ತದೆ.

ಫ್ಯೂಸ್ ಇರುವುದು ಫ್ಯಾನನ್ನೋ ಫ್ರಿಜ್ಜನ್ನೋ ಕಾಯಲು ಅಲ್ಲ, ವಯರನ್ನು ಕಾಯಲು. ಟ್ರೇಲರ್ ಅಲ್ಲಾಡುವಾಗ ಕೇಬಲ್ ಎಲ್ಲೋ ತಗಡಿನ ಅಂಚಿಗೆ ಉಜ್ಜುತ್ತದೆ. ಆರು ತಿಂಗಳಲ್ಲಿ ಸಿಪ್ಪೆ ಸವೆಯುತ್ತದೆ. ಒಂದು ರಾತ್ರಿ ತಾಮ್ರ ತಗಡಿಗೆ ತಾಗುತ್ತದೆ. ಫ್ಯೂಸ್ ಇಲ್ಲದಿದ್ದರೆ ಆ ವಯರೇ ಒಲೆಯ ಕಾಯಿಲ್ ಆಗುತ್ತದೆ, ಅದರ ಮೇಲೆ ನಿಮ್ಮ ಪ್ಲೈವುಡ್ಡು, ಹಾಸಿಗೆ. ಅದಕ್ಕೇ ಹೇಳುತ್ತೇನೆ, ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೆ ದೊಡ್ಡ ಫ್ಯೂಸ್ ಕೂರಲೇಬೇಕು. ಲಿಥಿಯಂಗೆ ‘ಕ್ಲಾಸ್ ಟಿ’ ಅನ್ನುವ ಜಾತಿ ಕೇಳಿ ತರಿಸಿ, ನಿಮಗೆ 125 ಆಂಪಿಯರ್, ಇನ್ವರ್ಟರ್ ಕೇಬಲ್ 35 ಸ್ಕ್ವೇರ್ ಎಂಎಂ. ಅಲ್ಲಿಂದ ಮುಂದೆ ಫ್ಯಾನಿಗೆ, ಲೈಟಿಗೆ, ಪಂಪಿಗೆ ಬೇರೆ ಬೇರೆ ಸಣ್ಣ ಫ್ಯೂಸ್. ಬೊಲೆರೊದಿಂದ ಬರುವ ಕೇಬಲ್ಲಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, ಯಾಕೆಂದರೆ ಎರಡೂ ಕಡೆ ಬ್ಯಾಟರಿ ಇದೆ. ಯಾವ ಕಡೆಯಿಂದ ಬೆಂಕಿ ಬರುತ್ತದೆ ಅಂತ ಹೇಳಲಾಗದು.

ಫ್ಯೂಸಿನ ಬದಲು ಮನೆಯ ಎಂಸಿಬಿ (ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್ಚು) ಹಾಕಬಹುದಾ ಅಂತ ಎಲೆಕ್ಟ್ರಿಷಿಯನ್ ಕೇಳಬಹುದು. ಬೇಡ. ಮನೆಯ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಹಾಗಾಗಿ ಸ್ವಿಚ್ಚು ತೆರೆದಾಗ ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ಕರೆಂಟು ಸೊನ್ನೆಗೆ ಇಳಿಯುವುದೇ ಇಲ್ಲ. ಕಿಡಿ ಎಳೆದಷ್ಟು ಉದ್ದ ಉರಿಯುತ್ತದೆ. ಡಿಸಿ ಅಂತ ಬರೆದಿರುವ ಬ್ರೇಕರೇ ಬೇಕು. ಎಲ್ಲಾದರೂ ಲಾಡ್ಜಿನ ಅಂಗಳದಲ್ಲಿ 230 ವೋಲ್ಟ್ ಪ್ಲಗ್ ಸಿಕ್ಕಿತು, ಟ್ರೇಲರಿಗೆ ಜೋಡಿಸಿದಿರಿ ಅಂದರೆ, ಅಲ್ಲಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಬಂದ್ ಮಾಡುವ ಸ್ವಿಚ್ಚು) ಬೇಕೇ ಬೇಕು, ತಗಡಿನ ಬಾಡಿಗೆ ಅರ್ತ್ ವಯರೂ ಬೇಕು. ಮಳೆಯಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟುವವರು ನೀವೇ ಅಲ್ವಾ?

ಕೆಲಸ ಮಾಡುವ ಹುಡುಗ ಉಂಗುರ, ಕೈಗಡಿಯಾರ ತೆಗೆದಿಡಲಿ. ಸ್ಪ್ಯಾನರಿಗೆ ಇನ್ಸುಲೇಷನ್ ಟೇಪ್ ಸುತ್ತಲಿ. ನೀವೇ ಪಕ್ಕದಲ್ಲಿ ನಿಂತು ನೋಡಿ. ಮೊದಲ ಸಲ ದೂರ ಹೋಗಬೇಡಿ. ಮರವಂತೆ ನಿಮ್ಮಿಂದ ಒಂದು ಗಂಟೆಯ ದಾರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಸೆಕೆಯೂ ಇರುತ್ತದೆ, ಉಪ್ಪು ಗಾಳಿಯೂ ಇರುತ್ತದೆ. ಅಲ್ಲೊಂದು ರಾತ್ರಿ ಇದ್ದು ಬೆಳಿಗ್ಗೆ ಎಷ್ಟು ಉಳಿದಿದೆ ಅಂತ ಬರೆದಿಟ್ಟುಕೊಳ್ಳಿ. ನಾನು ಕೊಟ್ಟ ಲೆಕ್ಕಕ್ಕಿಂತ ನಿಮ್ಮ ಆ ಒಂದು ರಾತ್ರಿಯ ಲೆಕ್ಕ ಹೆಚ್ಚು ಸತ್ಯ. ನನಗೂ ಬರೆದು ತಿಳಿಸಿ.

ಮಾಷ್ಟ್ರೆ, ಸುರತ್ಕಲ್ ಬೀಚ್ ಹತ್ತಿರ ಗಾಡಿಯಲ್ಲಿ ಚುರುಮುರಿ, ಗೋಳಿಬಜೆ ಮಾಡುತ್ತೇನೆ. ಸಂಜೆ ಲೈಟು, ಎಕ್ಸಾಸ್ಟ್ ಫ್ಯಾನಿಗೆ ಹಳೇ ಕಾರಿನ ಬ್ಯಾಟರಿ ಇಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಲೈಟು ಮಂಕಾಗುತ್ತದೆ. ವಯರಿನ ತುದಿ ಹಸಿರಾಗಿರುತ್ತದೆ. ಬ್ಯಾಟರಿಯೂ ವರ್ಷ ಬಾಳುವುದಿಲ್ಲ. ಏನು ಮಾಡಲಿ? — ಓದುಗರು, ಸುರತ್ಕಲ್

ಅಕ್ಕ, ಆ ಹಸಿರು ಕಿಲುಬು. ಹಿತ್ತಾಳೆ ಪಾತ್ರೆಗೆ ಹಿಡಿಯುವುದು ಗೊತ್ತಲ್ಲ, ತಾಮ್ರದ ವಯರಿಗೂ ಅದೇ. ಕಡಲ ಗಾಳಿಯ ಉಪ್ಪು ಮತ್ತು ತೇವ ಸೇರಿ ಎಳೆಗಳ ನಡುವೆ ಒಳಗೊಳಗೇ ತಿನ್ನುತ್ತದೆ. ಸಿಪ್ಪೆ ಒಂದು ಗೇಣು ಸುಲಿದು ನೋಡಿ. ಒಳಗೆಯೂ ಕಪ್ಪಾಗಿದ್ದರೆ ಆ ವಯರು ಬದಲಿಸಲೇಬೇಕು, ತುದಿ ಕತ್ತರಿಸಿ ಪ್ರಯೋಜನವಿಲ್ಲ.

ಹೊಸ ವಯರು ತವರ ಲೇಪಿಸಿದ ತಾಮ್ರದ್ದು ಕೇಳಿ. ಎಳೆ ಬೆಳ್ಳಿಯ ಹಾಗೆ ಬಿಳಿ ಇರುತ್ತದೆ. ಕಿಲುಬು ಅದಕ್ಕೆ ಬೇಗ ಹಿಡಿಯುವುದಿಲ್ಲ. ಎರಡು ವಯರು ತಿರುಚಿ ಟೇಪ್ ಸುತ್ತುವ ಪದ್ಧತಿ ಬಿಟ್ಟುಬಿಡಿ. ಆ ಟೇಪಿನ ಒಳಗೆ ತೇವ ಕೂತುಕೊಳ್ಳುತ್ತದೆ, ಹೊರಗೆ ಬರುವುದಿಲ್ಲ. ವಯರಿನ ತುದಿಗೆ ಲಗ್ (ಲೋಹದ ತೊಡಪು) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಬಿಗಿ ಮಾಡಿಸಿ. ಅದರ ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ತೊಡಿಸಿ. ವಯರು ಪೆಟ್ಟಿಗೆಯ ಒಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತುಬಿದ್ದು ಮೇಲೆ ಹತ್ತುವ ಹಾಗೆ ಕಟ್ಟಿಸಿ. ಮಳೆನೀರು ಆ ತಗ್ಗಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಬ್ಯಾಟರಿಯ ಟರ್ಮಿನಲ್ಲಿಗೆ ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಮೊದಲು ಹಚ್ಚಿ ಆಮೇಲೆ ಬಿಗಿ ಮಾಡುವುದಲ್ಲ.

ಕಾರಿನ ಬ್ಯಾಟರಿ ಇರುವುದು ಸ್ಟಾರ್ಟ್ ಮಾಡಲು. ಎರಡು ಸೆಕೆಂಡು ಜೋರಾಗಿ ಕೊಟ್ಟು ಸುಮ್ನೆ ಕೂರುವಂಥದ್ದು. ಅದರ ಪ್ಲೇಟು ತೆಳು. ದಿನಾ ಸಂಜೆ ಐದು ಗಂಟೆ ಬರಿದು ಮಾಡಿದರೆ ಬಾಳುವುದಿಲ್ಲ. ನಿಮ್ಮ ಲೈಟು, ಫ್ಯಾನಿಗೆ ಎಲ್‌ಎಫ್‌ಪಿ 12.8 ವೋಲ್ಟ್ 30 ಎಎಚ್ ಧಾರಾಳ ಸಾಕು, ಎತ್ತಿ ಮನೆಗೆ ಒಯ್ಯುವಷ್ಟು ಹಗುರ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿ. ಎಣ್ಣೆ ಬಾಣಲೆಯ ಹತ್ತಿರ ಮಾತ್ರ ಇಡಬೇಡಿ.

ಸರ್, ನಾವು ಗೆಳೆಯರು ಸೇರಿ ವ್ಯಾನಿಗೆ 100 ಎಎಚ್ ಲಿಥಿಯಂ ಹಾಕಿದ್ದೇವೆ. ಮೀಟರ್ ಇಡೀ ದಿನ 13.2 ಅಂತಲೇ ತೋರಿಸುತ್ತದೆ. ಆಮೇಲೆ ಏಕಾಏಕಿ ಎಲ್ಲ ಆಫ್. ಬ್ಯಾಟರಿ ಹಾಳಾಗಿದೆಯಾ? — ವಿದ್ಯಾರ್ಥಿ, ಮಣಿಪಾಲ

ಹಾಳಾಗಿಲ್ಲ. ಹಳೇ ಆಸಿಡ್ ಬ್ಯಾಟರಿಯಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಬಹುದಿತ್ತು. ತುಂಬಿದರೆ 12.7, ಅರ್ಧಕ್ಕೆ 12.2ರ ಹತ್ತಿರ. ಎಲ್‌ಎಫ್‌ಪಿ ಹಾಗಲ್ಲ. ಮುಕ್ಕಾಲು ಪಾಲು ಖಾಲಿಯಾಗುವವರೆಗೂ ವೋಲ್ಟ್ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ, ಕೊನೆಗೆ ದಡಕ್ಕನೆ ಬೀಳುತ್ತದೆ. ಆಗ ಬಿಎಂಎಸ್ ತನ್ನ ಕೆಲಸ ಮಾಡಿ ಬಂದ್ ಮಾಡಿದೆ, ಅದು ಒಳ್ಳೆಯದೇ.

ನಿಮಗೆ ಬೇಕಾದದ್ದು ಶಂಟ್ (ಕರೆಂಟು ಹರಿಯುವ ದಾರಿಯಲ್ಲಿ ಕೂರಿಸಿ ಅಳೆಯುವ ಲೋಹದ ತುಂಡು) ಇರುವ ಮೀಟರ್. ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಅಂತ ಅದು ಎಣಿಸುತ್ತದೆ. ಶಂಟನ್ನು ಬ್ಯಾಟರಿಯ ನೆಗೆಟಿವ್‌ಗೆ ಹಾಕಿ. ಉಳಿದ ಎಲ್ಲ ನೆಗೆಟಿವ್ ವಯರೂ ಶಂಟಿನ ಆಚೆ ಕಡೆಗೇ ಬರಬೇಕು. ಒಂದೇ ಒಂದು ವಯರು ನೇರ ಬ್ಯಾಟರಿಗೆ ಹೋದರೂ ಅದರ ಖರ್ಚು ಲೆಕ್ಕಕ್ಕೆ ಸಿಗುವುದಿಲ್ಲ. ಮೊದಲು ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಮೀಟರನ್ನು 100ಕ್ಕೆ ಹೊಂದಿಸಿ, ಆಮೇಲೆ ಶುರು ಮಾಡಿ. ಮತ್ತೆ, ನೀವು ಫ್ಯೂಸ್ ಹಾಕಿದ್ದೀರಾ, ಎಲ್ಲಿ ಹಾಕಿದ್ದೀರಿ ಅಂತ ಪತ್ರದಲ್ಲಿ ಬರೆದಿಲ್ಲ. ವ್ಯಾನ್ ಮತ್ತೆ ಹೊರಡುವ ಮೊದಲು ಒಂದು ಫೋಟೊ ಕಳಿಸಿ.